ಮಸಗುಪ್ಪಿಯ ಮೇಲಿನ ಹೊಗೆ

"ಈ ಕೆಂಪು ಚುಕ್ಕಿ ಯಾವ ಜಾಗಾದಾಗ ಬರ್ತೈತಿ, ಒಂದೀಟು ನೋಡಿ ಹೇಳ್ರಿ ಅಪ್ಪಾ," ಎಂದು ತ್ರಿಶಲಾ ಉಪಗ್ರಹದಿಂದ ತೆಗೆದ ಚಿತ್ರವನ್ನು ಕಟ್ಟೆಯ ಮೇಲೆ ಹರವಿದಳು. ಕಾಡಿನ ಬೆಂಕಿಯ ಹೊಗೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅವಳು ಧಾರವಾಡದಲ್ಲಿ ಅಭ್ಯಾಸ ಮಾಡುತ್ತಿದ್ದಳು. ಚಿತ್ರದಲ್ಲಿ ಊರುಗಳ ಹೆಸರಿರಲಿಲ್ಲ. ಹುಕ್ಕೇರಿ ಸೀಮೆಯ ಇಂಚಿಂಚೂ ಗೊತ್ತಿದ್ದ ಅಪ್ಪನಿಗಿಂತ ಬೇರೆ ಯಾರನ್ನು ಕೇಳಬೇಕು?

ಅಪ್ಪ ತಾತ್ಯಾಸಾಹೇಬರು ಚಸ್ಮಾ ಹಾಕಿಕೊಂಡು ಬಾಗಿದರು.

"ಇದು ನಮ್ಮ ಗುಡ್ಡ. ಬುಡಕ್ಕ ನಮ್ಮ ಹೊಲ. ಯಾವತ್ತಿಂದಿದು?"

"ಹ್ವಾದ ವರ್ಷ, ಎರಡು ಸಾವಿರದ ನಾಕು, ಮಾರ್ಚ್ ಹನ್ನೊಂದು. ಈ ಇನ್ನೊಂದು ಮರುದಿನದ್ದು. ಬೆಳ್ಳಗ ಬಾಲದಂಗ ಕಾಣತೈತಲ್ರಿ, ಅದು ಹೊಗಿ."

ತಾತ್ಯಾಸಾಹೇಬರು ಹೊಗೆಯ ಮೇಲೆ ಬೆರಳಿಟ್ಟು ಪೂರ್ವಕ್ಕೆ ಸರಿಸುತ್ತ ಹೋದರು. ಗೋಕಾಕ ದಾಟಿತು. ಹೊಗೆ ಅಗಲವಾಗಿ ಹರಡಿದ ಕಡೆ ಬೆರಳು ನಿಂತಿತು.

"ಇದು ಮಸಗುಪ್ಪಿ," ಎಂದರು.

ತ್ರಿಶಲಾ ಹಾಳೆಯ ತಾರೀಖನ್ನು ಮತ್ತೊಮ್ಮೆ ನೋಡಿದಳು. ಅಪ್ಪನ ಅಕ್ಕ ಪದ್ಮವ್ವತ್ತಿ ಅದೇ ಊರಲ್ಲಿ ತೀರಿಕೊಂಡದ್ದು ಹೋದ ವರ್ಷ ಮಾರ್ಚ್ ಹನ್ನೆರಡಕ್ಕೆ.

ಅಂದು ಬೆಳಿಗ್ಗೆ ಅಕ್ಕ ಮಾಡಿದ ಫೋನು ತಾತ್ಯಾಸಾಹೇಬರ ಕಿವಿಯಲ್ಲಿ ಮತ್ತೆ ಕೇಳಿಸಿತು. ದಮ್ಮಿನ ರೋಗದ ಹೆಂಗಸು ಒಂದೊಂದೇ ಮಾತಿಗೆ ಉಸಿರು ಎಳೆದುಕೊಂಡಿದ್ದಳು. "ಇಲ್ಲಿ ಯಾರೋ ಏನೋ ಸುಡಾಕತ್ತಾರೋ ತಮ್ಮಾ, ಉಸಿರು ಸಿಗವಲ್ದು." ಖಿಡಕಿ ಹಾಕಿಕೊಂಡು ಮಲಗೆಂದು ಹೇಳಿ ಅವರು ಫೋನಿಟ್ಟಿದ್ದರು. ಮಧ್ಯಾಹ್ನ ಸುದ್ದಿ ಬಂದಿತ್ತು.

"ಆ ಬೆಂಕಿ ನಾನ ಹಚ್ಚಿದ್ನಿ," ಎಂದರು.

"ಏನಂದ್ರಿ?"

"ಬದುವಿನ ಒಣ ಹುಲ್ಲಿಗೆ ಕಡ್ಡಿ ಗೀರಿದ್ನಿ. ಗಾಳಿ ಬಿಟ್ಟು ಗುಡ್ಡ ಹತ್ತಿತು. ಯಾರೋ ಬೀಡಿ ಸೇದಿ ಒಗದಿರಬೇಕು ಅಂತ ಊರ ಮಂದಿಗೆಲ್ಲ ಹೇಳಿದ್ನಿ."

ತ್ರಿಶಲಾ ಅವಸರದಿಂದ, "ಇದು ಮ್ಯಾಲಿಂದ ತಗದ ಚಿತ್ರರೀ ಅಪ್ಪಾ. ಹೊಗಿ ನೆಲಕ್ಕ ಎಷ್ಟು ಇಳದಿತ್ತು ಅಂತ ಇದರಾಗ ತಿಳಿಯೂದಿಲ್ಲ," ಎಂದಳು. ಅಷ್ಟರಲ್ಲಿ ಅವರು ಎರಡೂ ಹಾಳೆಗಳನ್ನು ಮಡಚಿ, ಟೊಪ್ಪಿಗೆ ಹಾಕಿಕೊಂಡು ಎದ್ದಿದ್ದರು.

ಮಸಗುಪ್ಪಿಯಲ್ಲಿ ಅಕ್ಕನ ಮಗ ಗೊಮ್ಮಟೇಶ ಅಂಗಳದಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ. ತಾತ್ಯಾಸಾಹೇಬರು ಕೂಡ್ರಲಿಲ್ಲ, ನೀರೂ ಕುಡಿಯಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿ ಮುಗಿಸಿದರು. "ನಿಮ್ಮವ್ವನ್ನ ನಾನ ಕೊಂದ್ನಿ. ಬಡಿ, ಬೈಯಿ, ಏನರ ಮಾಡು."

ಗೊಮ್ಮಟೇಶ ಬಯ್ಯಲಿಲ್ಲ. ಮರುದಿನದ ಹಾಳೆಯನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದ. ಮಾವ ತೋರಿಸಿದ ಮಸಗುಪ್ಪಿಯ ಸುತ್ತ ಬಹಳ ಹೊತ್ತು ಏನನ್ನೋ ಹುಡುಕಿದ. ಮತ್ತೆ ಹುಡುಕಿದ.

"ಮಾಮಾ," ಎಂದ. "ಅವತ್ತ ಮುಂಜಾನೆ ಮನಿ ಹಿಂದ ಕಬ್ಬು ಕಡದು ಉಳಿದ ಒಣ ರವದಿಗೆ ನಾ ಬೆಂಕಿ ಹಚ್ಚಿದ್ನಿ. ಅದು ಇದರಾಗ ಯಾಕ ಕಾಣವಲ್ದು?"