ಕೂಲೆಂಟ್ ಎಲ್ಲಿಗೆ ಹೋಯಿತು

ಹಳೆಯ ಕಾರಿನ ಎಂಜಿನ್ ತಂಪಾಗಿಡುವ ಕೂಲೆಂಟ್ ದಿನಾ ಕಡಿಮೆಯಾಗುತ್ತಿತ್ತು. ಮೆಕ್ಯಾನಿಕ್ ಎಲ್ಲ ಪೈಪುಗಳನ್ನೂ ತಡವಿದರೂ ಸೋರಿಕೆ ಸಿಗಲಿಲ್ಲ.

"ಹೆಂಗಸರ ಕೈಗೆ ಸ್ಟೇರಿಂಗ್ ಕೊಟ್ರೆ ಇನ್ನೇನಾಗುತ್ತೆ?" ಎಂದರು ಮಾವ. "ಇವತ್ತೇ ಮಾರ್ತೀನಿ. ಇವಳು ಪಾಠ ಮಾಡೋಕೆ ಬಸ್ಸಲ್ಲಿ ಹೋಗಲಿ."

ಎರಡು ಬಸ್ಸು ಬದಲಿಸಿದರೆ ಮೊದಲ ತರಗತಿಯೇ ತಪ್ಪುತ್ತದೆ ಎಂದು ಸೊಸೆ ಗಡಿಯಾರ ನೋಡಿಕೊಂಡಳು.

"ಕೂಲೆಂಟ್ ಹಾಕೋರು ಯಾರು?" ಮೆಕ್ಯಾನಿಕ್ ಕೇಳಿದ.

"ನಾನೇ. ದಿನಾ ಬೆಳಿಗ್ಗೆ ಎಂಜಿನ್ ಪಕ್ಕದ ಡಬ್ಬಿಯ ಕತ್ತಿನವರೆಗೂ ತುಂಬಿಸ್ತೀನಿ. ಇವಳನ್ನ ನಂಬಿದ್ರೆ ಆಯ್ತು."

ಮೆಕ್ಯಾನಿಕ್ ಡಬ್ಬಿಯ ನಡುವಿನ ಗೆರೆ ತೋರಿಸಿದ. "ಇದರ ಮೇಲೆ ಹಾಕಿದ್ದೆಲ್ಲ ಬಿಸಿಯಾದಾಗ ಹಾಲಿನ ಹಾಗೆ ಉಕ್ಕಿ ರಸ್ತೆಗೆ ಹೋಗುತ್ತೆ, ಸಾರ್."

ಕೀಲಿಯನ್ನು ಸೊಸೆಯ ಕೈಗೆ ಕೊಟ್ಟ. "ಗಾಡಿಗೇನೂ ಆಗಿಲ್ಲ, ಮೇಡಂ. ಇವರನ್ನ ಮಾತ್ರ ಬಾನೆಟ್ ಹತ್ತಿರ ಬಿಡಬೇಡಿ."