ದಿವಂಗತ ಮಾಯಿಲಪ್ಪ

“ಯಮುನಳ ತಂದೆಯೇ? ಅವರು ತೀರಿಕೊಂಡು ನಾಲ್ಕು ವರ್ಷವಾಯಿತಲ್ಲ” ಎಂದರು ಕಾಮಾಕ್ಷಮ್ಮ ಟೀಚರ್. ತಲೆ ಎತ್ತದೆ ಏನೋ ಬರೆಯುತ್ತಿದ್ದರು.

ಮೇಜಿನ ಎದುರು ಮಾಯಿಲಪ್ಪ ಬಾಯಿ ತೆರೆದವನು ಹಾಗೇ ನಿಂತ. “ಯಮುನನ ಅಪ್ಪ” ಎಂದು ಅವನು ತನ್ನ ಗುರುತು ಹೇಳಿಕೊಂಡಿದ್ದ. ಟೀಚರ್ ಅದನ್ನು ಪ್ರಶ್ನೆ ಎಂದುಕೊಂಡಿದ್ದರು.

ಹಿಂದಿನ ದಿನ ತನ್ನೂರು ಕರಿಕೆಯಿಂದ ನಡೆದು ಘಟ್ಟ ಹತ್ತಿ, ಭಾಗಮಂಡಲದ ನೆಂಟರ ಮನೆಯಲ್ಲಿ ಉಳಿದು, ಬೆಳಗಿನ ಬಸ್ಸಿಗೆ ಮಡಿಕೇರಿ ಸೇರಿದ್ದ. ಮಗಳ ಶಾಲೆಯ ಪೋಷಕರ ಸಭೆಗೆ ಅವನು ಬಂದದ್ದು ಇದೇ ಮೊದಲು. ಇಷ್ಟು ವರ್ಷ ಮಡಿಕೇರಿಯಲ್ಲೇ ಇದ್ದ ಅಣ್ಣ ಬೆಳ್ಯಪ್ಪ ಹೋಗಿ ಬರುತ್ತಿದ್ದ. ಅವನು ಕೋರ್ಟಿನಲ್ಲಿ ಜವಾನ, ಮಕ್ಕಳಿಲ್ಲದವನು. ನೀನು ಏಲಕ್ಕಿ ನೋಡಿಕೋ, ಶಾಲೆಯ ಕೆಲಸ ನನಗಿರಲಿ ಎನ್ನುತ್ತಿದ್ದ. ಹೆಂಡತಿ ಪೂವಮ್ಮನದೂ ಅದೇ ಮಾತು: ಓದು ಬಾರದವರು ಟೀಚರ ಎದುರು ಎಂತ ಮಾತಾಡುವುದು, ಭಾವನೇ ಹೋಗಲಿ. ಈ ಸಲ ಮಗಳು ಎಸ್.ಎಸ್.ಎಲ್.ಸಿ. ಏಲಕ್ಕಿ ಮಾರಿ ಬರುತ್ತೇನೆಂದು ಪೂವಮ್ಮನಿಗೆ ಹೇಳಿ, ಮಾಯಿಲಪ್ಪ ಸೀದಾ ಇಲ್ಲಿಗೆ ಬಂದಿದ್ದ.

“ಎಂತಾಗಿ ತೀರಿಕೊಂಡದ್ದು?” ಎಂದು ಕೇಳಿದ. ತನ್ನ ಸ್ವರ ತನಗೇ ಬೇರೆಯಾಗಿ ಕೇಳಿಸಿತು.

“ಚಳಿಜ್ವರವಂತೆ. ಎರಡೇ ದಿನ.” ಟೀಚರ್ ಈಗ ತಲೆ ಎತ್ತಿದರು. “ನೀವು ಯಾರು?”

“ಬೆಳ್ಯಪ್ಪನ ತಮ್ಮ.”

“ಓ, ಚಿಕ್ಕಪ್ಪ. ಕೂತುಕೊಳ್ಳಿ.”

ಅವನು ಕೂತ. ಟೀಚರ್ ಉಪಚಾರದಿಂದಲೇ ಮಾತಾಡಿದರು. ಯಮುನಳಿಗೆ ಲೆಕ್ಕದಲ್ಲಿ ಸಾಟಿಯಿಲ್ಲ, ಇಂಗ್ಲಿಷಿನಲ್ಲಿ ಮಾತ್ರ ಸ್ವಲ್ಪ ಹಿಂದೆ. ಬೆಳ್ಯಪ್ಪನಂಥ ಪೋಷಕರು ಸಿಗುವುದು ಅಪರೂಪ. ಪ್ರತಿ ಸಭೆಗೂ ಬಂದು ಒಂದೊಂದು ವಿಷಯವನ್ನೂ ಬಿಡಿಸಿ ಕೇಳುತ್ತಾರೆ. ಹೋದ ವರ್ಷ ಹುಡುಗಿ ತಂದೆಯ ಬಗ್ಗೆ ಒಂದು ಪ್ರಬಂಧ ಬರೆದಿದ್ದಳಂತೆ. ಮಳೆಗಾಲದಲ್ಲಿ ಹೊಳೆ ದಾಟಿಸುವಾಗ ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಹೆದರಿಕೆಯಾಗದಿರಲೆಂದು ದಡ ಮುಟ್ಟುವ ತನಕ ಒಂದು, ಎರಡು ಎಂದು ಎಣಿಸಲು ಹೇಳುತ್ತಿದ್ದನಂತೆ. ಓದುತ್ತ ಟೀಚರಿಗೇ ಕಣ್ಣು ತುಂಬಿತ್ತು.

ಮಾಯಿಲಪ್ಪ ನೆಲ ನೋಡಿದ. ಸತ್ತವನ ಬಗ್ಗೆ ಒಳ್ಳೆಯ ಮಾತುಗಳನ್ನು ಅವನು ಬೇರೆಯವರ ಮನೆಗಳಲ್ಲಿ ಕೇಳಿದ್ದ. ಹೀಗೆ ಕೇಳಿರಲಿಲ್ಲ.

ಟೀಚರ್ ಪುಸ್ತಕವೊಂದನ್ನು ತೆರೆದು ಬೆರಳಿಟ್ಟು ಓದಿದರು: “ತಂದೆ, ದಿವಂಗತ ಮಾಯಿಲಪ್ಪ.”

“ಯಾರು ಬರೆಸಿದ್ದು?”

“ಮನೆಯವರೇ. ನಮ್ಮ ಹಾಸ್ಟೆಲಿನಲ್ಲಿ ತಂದೆಯಿಲ್ಲದ ಹುಡುಗಿಯರಿಗೆ ಮಾತ್ರ ಜಾಗ. ಹೋದ ವರ್ಷ ಒಬ್ಬಳದು ಸುಳ್ಳೆಂದು ಗೊತ್ತಾಯಿತು. ಆ ದಿನವೇ ಕಳಿಸಿಬಿಟ್ಟರು.”

ನಾಲ್ಕು ವರ್ಷದ ಹಿಂದೆ ಅವನೇ ಹೇಳಿದ್ದ: ಖರ್ಚಿಲ್ಲದೆ ಜಾಗ ಸಿಕ್ಕಿದರೆ ಮುಂದೆ ಓದಲಿ, ಇಲ್ಲದಿದ್ದರೆ ಇಲ್ಲಿಗೇ ಸಾಕು. ಪೂವಮ್ಮ, ಬೆಳ್ಯಪ್ಪ ಸೇರಿ ಹುಡುಗಿಯನ್ನು ಕರೆತಂದಿದ್ದರು. ಜಾಗ ಸಿಕ್ಕಿತೆಂಬ ಸುದ್ದಿಗೆ ಅವನು ಅಣ್ಣನ ಕೈ ಹಿಡಿದುಕೊಂಡಿದ್ದ. ಸತ್ತನೆಂದು ಬರೆಸಿದ್ದೂ ಅದೇ ಕೈ. ಮಕ್ಕಳಿಲ್ಲದವನಿಗೆ ತಮ್ಮನ ಮಗಳು ಬೇಕಿತ್ತು, ಅಡ್ಡವಿದ್ದವನು ತಮ್ಮನೊಬ್ಬನೇ. ಇವತ್ತೇ ಅವನ ಮನೆಗೆ ಹೋಗುವುದು, ನಾಲ್ಕು ಜನರೆದುರು ಕೇಳುವುದು, ಆಮೇಲೆ ಅವನಿಗೆ ಈ ತಮ್ಮ ನಿಜವಾಗಿಯೂ ಸತ್ತಂತೆ ಎಂದು ಮಾಯಿಲಪ್ಪ ಮನಸ್ಸಿನಲ್ಲೇ ತೀರ್ಮಾನಿಸಿದ.

ಯಮುನಳನ್ನು ಕರೆಸಿದರು. ಎರಡು ಜಡೆಯ ಹುಡುಗಿ ಬಾಗಿಲಲ್ಲೇ ನಿಂತುಬಿಟ್ಟಳು.

“ನೋಡು, ನಿನ್ನ ಚಿಕ್ಕಪ್ಪ ಬಂದಿದ್ದಾರೆ” ಎಂದರು ಟೀಚರ್.

ಅವಳು ಅಪ್ಪನ ಮುಖ ನೋಡಿದಳು, ಟೀಚರ ಮುಖ ನೋಡಿದಳು.

“ಯಾವಾಗ ಬಂದ್ರಿ, ಚಿಕ್ಕಪ್ಪ?”

ಆ ಒಂದು ಪದ ಅವಳ ಬಾಯಲ್ಲಿ ತಡವರಿಸಲಿಲ್ಲ. ಮಾಯಿಲಪ್ಪನಿಗೆ ಅದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಎದ್ದು ನಿಂತು, ನಾನು ಸತ್ತಿಲ್ಲ ಎನ್ನಬಹುದಿತ್ತು. ಪರೀಕ್ಷೆಗೆ ಇನ್ನು ಎರಡೇ ತಿಂಗಳು. “ಈಗ ಬಂದೆ” ಎಂದ ಅವನು.

ಟೀಚರ್ ಪರೀಕ್ಷೆಯ ಅರ್ಜಿ ಮುಂದಿಟ್ಟರು. ಪೋಷಕರ ಒಪ್ಪಿಗೆ ಬೇಕು, ಬಂದಿರುವ ನೀವೇ ಸಹಿ ಹಾಕಿದರೂ ಆದೀತು ಎಂದರು. ಹೆಸರು ಕೇಳಿದರು. ಬಾಯಿಗೆ ಬಂದ ಹೆಸರು ಹೇಳಿದ: ಪೊನ್ನಪ್ಪ. ‘ದಿವಂಗತ’ ಎಂದಿದ್ದ ಸಾಲಿನ ಕೆಳಗೆ, ಪೊನ್ನಪ್ಪ ಎಂದು ಟೀಚರ್ ಬರೆದ ಕಡೆ, ಮಾಯಿಲಪ್ಪ ಹೆಬ್ಬೆಟ್ಟು ಒತ್ತಿದ.

ಗೇಟಿನವರೆಗೆ ಇಬ್ಬರೂ ನಡೆದರು.

“ನಿನ್ನ ದೊಡ್ಡಪ್ಪನ ಮನೆಗೆ ಹೋಗ್ತೇನೆ ಈಗ” ಎಂದ ಅವನು. “ನನ್ನ ಕೊಂದದ್ದು ಎಂತಕ್ಕೇಂತ ಕೇಳ್ಲಿಕ್ಕುಂಟು.”

ಯಮುನ ಅವನ ಅಂಗಿಯ ತೋಳು ಹಿಡಿದುಕೊಂಡಳು.

“ದೊಡ್ಡಪ್ಪ ಬೇಡಾಂತಲೇ ಹೇಳಿದ್ದು, ಅಪ್ಪ. ಇದೇ ಗೇಟಿನ ಹೊರಗೆ ನಿಂತ್, ಬಳೆ ಕಳಚಿ, ಹಣೆ ಒರಸಿಕಂಡ್, ನನ್ನ ಕೈ ಹಿಡ್ಕಂಡ್ ಒಳಗೆ ಹೋದ್ದು ಅವ್ವ.”