ಪೆನ್ನಲ್ಲಿ ಬರೆದ ಹೆಸರು

ಶಾಯಿಯ ವಾಸನೆ ಬಂದರೆ ಇಂದಿಗೂ ರಾಮಗಿರಿಯ ಸಂಗೀತದ ಟೀಚರಮ್ಮನ ಜಗಲಿ ನೆನಪಾಗುತ್ತದೆ. ಕಣ್ಣು ಮಂಜಾಗಿದ್ದ ಅವರು ತಾವು ಕಟ್ಟಿದ ಕೃತಿಗಳನ್ನು ಹಾಡುತ್ತಿದ್ದರು. ಕುರಿ ಕಾಯುವವರ ಮಗಳಾದ ನಾನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಊರಾಚೆಯ ಹಾಡುಗಾರರೊಬ್ಬರು ಬಂದು, ಟೀಚರಮ್ಮ ಹಾಡಿದ ಹೊಸ ಕೃತಿಯನ್ನು ಕೂತು ಕೇಳಿದರು.

"ಚೆನ್ನಾಗೈತ್ರಿ. ಕೊನೇ ಸಾಲಾಗೆ ನಿಮ್ಮ ಹೆಸರು ಬ್ಯಾಡ, ನಿಮ್ಮ ಗುರುಗಳ ಅಂಕಿತ ಹಾಕ್ರಿ. ಕಚೇರೀಲಿ ಹಾಡ್ತೀನಿ."

"ಗುರುಗಳು ಕಟ್ಟಿದ್ರಾಗೆ ಗುರುಗಳ ಹೆಸರೈತೆ. ಇದನ್ನ ಕಟ್ಟಿದೋಳು ನಾನು. ಕಾಫಿ ಆರ್ತೈತೆ, ಕುಡೀರಿ."

ಅವರು ಕಾಫಿ ಕುಡಿದು, ಹಾಡು ಬಿಟ್ಟು ಹೋದರು. ನಾನು ರಬ್ಬರ್ ಹಿಡಿದೇ ಕುಳಿತಿದ್ದೆ.

"ಏನೇ, ಅಳಿಸ್ತೀಯಾ? ಸ್ವರ ಬೇಕಾದ್ರೆ ನಾಳೆ ತಿದ್ದಾಣ. ಹೆಸರು ಪೆನ್ನಾಗೆ ಬರಿ. ಕೆಳಗೆ, ಬರ್ಕೊಂಡೋಳು ಅಂತ ನಿನ್ನ ಹೆಸರೂ ಹಾಕು."

ಒತ್ತಿ ಬರೆದೆ. ಅಲ್ಲಿವರೆಗೆ ನಮ್ಮ ಮನೆಯವರು ಶಾಯಿ ಮುಟ್ಟಿದ್ದು ಹೆಬ್ಬೆಟ್ಟಿನಿಂದ ಮಾತ್ರ.